ಬ್ಯಾಸಗಿ, ಬುತ್ತಿ ಮತ್ತ ಹಗೂರ ಬಿಯರ್

ತಲಿಬರಹ ನೋಡಿ ನಮ್ಮ ದೊಡ್ಡ ವೈನಿ ಚಷ್ಮಾ ಸರಿ ಮಾಡ್ಕೊಂಡು ಮತ್ತೊಮ್ಮೆ ಓದ್ತಾರ ಅಂತ ನನಗ ಗೊತ್ತದ. ಹಿಂದಿನ ಸಲ ಮಾವಿನಕಾಯಿ ಗುಳಂಬ ಬರದಿದ್ಲು, ಈ ಸಲ ಬಿಯರ್ ಅಂತಾಳಲ್ಲ, ಇಕಿಗೆ ಏನಾತು? ಏನೂ ಆಗಿಲ್ಲ ವೈನಿ. ಪೂರಾ ಓದ್ರಿ, ಆಮ್ಯಾಲೆ ಬೈರಿ.

ಇದು ಶುರುವಾಗಿದ್ದು ಒಂದು ಫೋಟೋದಿಂದ. ಹ್ವಾದ ವರ್ಷ ಜೂನ್ ತಿಂಗಳಾಗ ನಾವಿಬ್ರು ಮ್ಯೂನಿಕ್‌ಗೆ ಮಗನ ಮನಿಗೆ ಹೋಗಿದ್ವಿ. ಅಲ್ಲೇನು ಚಳಿ ಇರ್ತದ ಅಂತ ಸ್ವೆಟರ್ ಒಯ್ದಿದ್ದೆ, ನೋಡಿದ್ರ ಬಿಸಲು ನಮ್ಮ ಧಾರವಾಡದ ಏಪ್ರಿಲ್ ಇದ್ಹಂಗ. ಒಂದು ಐತವಾರ ಸೊಸಿ, "ಅತ್ತಿ, ಬುತ್ತಿ ಕಟ್ಟೋಣ, ಇವತ್ತ ಗಿಡದ ನೆರಳಾಗ ಊಟ" ಅಂದ್ಲು. ಚಪಾತಿ, ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕಟ್ಕೊಂಡು ಹೋದ್ವಿ. ಹೋಗಿ ನೋಡಿದ್ರ ಅದು ಬಿಯರ್ ಗಾರ್ಡನ್! ದೊಡ್ಡ ದೊಡ್ಡ ಗಿಡ, ಅದರ ಕೆಳಗ ಉದ್ದನ್ನ ಕಟಗಿ ಬಾಕು. ಅಜ್ಜ, ಅಜ್ಜಿ, ತೊಟ್ಟಿಲ ಕೂಸು ಸುದ್ದ ಬಂದಾವ. ಎಲ್ಲಾರೂ ಮನಿಯಿಂದ ಡಬ್ಬಿ ತಂದು ಬಿಚ್ಚಿ ಕೂತಾರ. ಬರೇ ಬಿಯರ್ ಅಷ್ಟ ಅಲ್ಲಿ ಕೊಳ್ಳೋದು.

ಸೊಸಿ ಒಂದು ಗ್ಲಾಸ್ ತಂದ್ಲು. ಲಿಂಬಿಹಣ್ಣಿನ ಸೋಡಾ ಅರ್ಧ, ಬಿಯರ್ ಅರ್ಧ. ಮಗ ಫೋಟೋ ತಗದು ಮನಿ ಗ್ರೂಪಿಗೆ ಹಾಕಿಬಿಟ್ಟ. ಎಣಗಾಯಿ ಡಬ್ಬಿ, ನಾನು, ಸೊಸಿ, ಸೊಸಿ ಕೈಯಾಗ ಗ್ಲಾಸು. ಎರಡು ದಿನ ಗ್ರೂಪಿನ್ಯಾಗ ಒಬ್ಬರೂ ತುಟಿಪಿಟಕ್ ಅನ್ನಲಿಲ್ಲ. ಮೂರನೇ ದಿನ ಒಂದು ಫೋನ್ ಬಂತು: "ಸೊಸಿಗೆ ಇಷ್ಟು ಸಲಿಗಿ ಕೊಡಬಾರದಿತ್ತು." ಯಾರು ಅಂತ ಹೇಳೋದಿಲ್ಲ, ಅವರು ಇದನ್ನ ಓದತಾರ. ಆದ್ರ ಖರೆ ಹೇಳಬೇಕಂದ್ರ ಅವತ್ತು ನಾನೂ ನನ್ನ ತಾಟು ಒಂದೀಟು ಆಚೆ ಸರಿಸಿಕೊಂಡು ಕೂತಿದ್ದೆ. ಅದನ್ನ ಆ ಹುಡುಗಿ ನೋಡಿದ್ಲು. ಏನೂ ಅನ್ನಲಿಲ್ಲ.

ಇದೇ ಮನಿಯೊಳಗ ನನ್ನ ಮೈದುನ ಎಷ್ಟೋ ವರ್ಷದಿಂದ ಬ್ಯಾಸಗಿ ಬಂತಂದ್ರ ದಿನಾ ಸಂಜೀಕ ಒಂದು ದೊಡ್ಡ ಬಾಟ್ಲಿ ತಗೀತಾನ. "ಬಿಯರ್ ಮೈಗೆ ತಂಪು" ಅಂತಾನ. ಅದನ್ನ ನಾವು ಯಾರೂ ಕುಡತ ಅಂತ ಲೆಕ್ಕಕ್ಕ ಹಿಡಿದಿಲ್ಲ. ನಮ್ಮತ್ತಿನೇ ಮಜ್ಜಿಗಿ ಗಡಿಗಿ ಪಕ್ಕಕ್ಕ ಅದನ್ನ ಫ್ರಿಜ್ಜಿನ್ಯಾಗ ಇಡತಿದ್ರು. "ಬಾರ್ಲಿ ನೀರು ಅಲ್ಲೇನು ಅದು" ಅಂತಿದ್ರು ಪಾಪ.

ಹಂಗಾರ ಹಗೂರ ಯಾವುದು, ಭಾರಿ ಯಾವುದು? ಮಗನ ಮನ್ಯಾಗ ಕೂತು ನನಗ ಇದ ಹುಳ ತಲಿಯೊಳಗ ಹೊಕ್ಕಿತು. ಅವತ್ತಿಂದ ಓದಕೋತ ಬಂದದ್ದನ್ನ ಇಲ್ಲೆ ಬರೀತೀನಿ.

ಮೊದಲು ಅದನ್ನ ಮಾಡೋದು ಹೆಂಗ ಅಂತ ತಿಳ್ಕೊಳ್ರಿ, ಅಡಗಿಮನಿ ಗೊತ್ತಿದ್ದವರಿಗೆ ಕಷ್ಟ ಇಲ್ಲ. ಬಾರ್ಲಿ ನೆನೆಹಾಕಿ ಮೊಳಕಿ ಬರಿಸ್ತಾರ, ನಾವು ಕೂಸಿನ ಸರಿಗೆ ರಾಗಿ ಮೊಳಕಿ ಬರಿಸಿದ್ಹಂಗ. ಒಣಗಿಸಿ, ಹುರಿದು, ತರಿ ಒಡದು, ಬಿಸಿನೀರಾಗ ನೆನಸ್ತಾರ. ಮೊಳಕಿಯೊಳಗಿನ ಹಿಟ್ಟು ಕರಗಿ ಸಿಹಿ ಆಗ್ತದ. ಆ ಸಿಹಿನೀರು ಬಸದು, ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಇಟ್ರ ಅದು ನೊರಿ ಎದ್ದು ಉಬ್ಬಿ ಬರ್ತದ. ಸಿಹಿ ಹೋಗಿ ಅಮಲು ಹುಟ್ಟತದ. ಇಷ್ಟ.

ಈಗ ಹೋಳಿಗಿ ದಿನ ನೆನಪು ಮಾಡ್ಕೊಳ್ರಿ. ಹೂರಣಕ್ಕ ಕಡ್ಲಿಬ್ಯಾಳಿ ಬೇಯಿಸಿ ಬಸದ ಕಟ್ಟನ್ನ ಯಾರರೆ ಚೆಲ್ಲತೀವೇನು? ಕಟ್ಟಿನ ಸಾರು ಮಾಡ್ತೀವಿ. ಯುರೋಪಿನ ಹೆಣ್ಣಮಕ್ಕಳೂ ಅಷ್ಟ ಲೆಕ್ಕದವರು. ಬಾರ್ಲಿಗೆ ಮೊದಲನೇ ಸಲ ಬಿಸಿನೀರು ಹಾಕಿ ಬಸದದ್ದು ದಪ್ಪ, ಸಿಹಿ, ಅದರಿಂದ ಜೋರಾದ ಬಿಯರ್. ಅದೇ ಬಾರ್ಲಿಗೆ ಎರಡನೇ ಸಲ, ಮೂರನೇ ಸಲ ನೀರು ಹಾಕಿ ಬಸದದ್ದು ತೆಳು. ಕಾಫಿ ಪುಡಿಗೆ ಎರಡನೇ ಡಿಕಾಕ್ಷನ್ ಬರ್ತದಲ್ಲ, ತೆಂಗಿನಕಾಯಿಯ ಎರಡನೇ ಹಾಲು ಇರ್ತದಲ್ಲ, ಹಂಗ. ಇಂಗ್ಲಂಡಿನಾಗ ಇದಕ್ಕ ಸ್ಮಾಲ್ ಬಿಯರ್ ಅಂತಿದ್ರು, ಅಂದ್ರ ಸಣ್ಣ ಬಿಯರ್. ಅಮಲು ನೆಪಕ್ಕಷ್ಟ. ಹೊಲದಾಗ ಬಿಸಲಿಗೆ ಕೊಯ್ಲು ಮಾಡೋ ಆಳುಗಳಿಗೆ, ಮನಿ ಕೆಲಸದವರಿಗೆ, ಶಾಲಿ ಹುಡುಗರಿಗೆ ಸುದ್ದ ರೊಟ್ಟಿ ಜೋಡಿ ಇದನ್ನ ಕೊಡತಿದ್ರು. ನಮ್ಮಲ್ಲಿ ಹೊಲಕ್ಕ ಬುತ್ತಿ ಜೋಡಿ ಅಂಬಲಿ, ಮಜ್ಜಿಗಿ ಹೋದ್ಹಂಗ. ಆ ಕಾಲದಾಗ ಅಲ್ಲಿ ನೀರ ಕುಡೀತಿರಲಿಲ್ಲ, ನೀರು ಕೆಟ್ಟಿತ್ತು ಅದಕ್ಕ ಬಿಯರ್ ಅಂತ ಎಲ್ಲಾ ಕಡೆ ಬರೀತಾರ. ಅದು ಅತಿ ಮಾತು. ನೀರೂ ಕುಡೀತಿದ್ರು, ಬಾವಿ ತೋಡತಿದ್ರು, ಊರಿಗೆ ನಳ ಎಳೀತಿದ್ರು. ಬಿಸಲಾಗ ದುಡಿಯೋ ಮನಶಾಗ ನೀರಿನ ಜೋಡಿ ಒಂದೀಟು ಕಾಳಿನ ಕಸುವೂ ಬೇಕಿತ್ತು, ಅದು ಈ ತೆಳು ಬಿಯರಿನ್ಯಾಗ ಸಿಗತಿತ್ತು.

ಇದನ್ನ ಮಾಡತಿದ್ದವರು ಯಾರು? ನಾವ. ಅಂದ್ರ ಹೆಣ್ಣಮಕ್ಕಳು. ಸುಮೇರಿಯಾದಾಗ, ಈಗಿನ ಇರಾಕಿನ ಕಡೆ, ಹೆಚ್ಚುಕಡಿಮಿ ನಾಲ್ಕು ಸಾವಿರ ವರ್ಷದ ಹಿಂದ ಬಿಯರಿಗೆ ಒಬ್ಬ ದೇವಿನೇ ಇದ್ಲು, ನಿಂಕಾಸಿ ಅಂತ. ಆಕಿ ಮ್ಯಾಲಿನ ಸ್ತೋತ್ರದೊಳಗ ಬಿಯರ್ ಮಾಡೋ ಕ್ರಮನೂ ಬರ್ತದ. ಹಮ್ಮುರಾಬಿ ರಾಜನ ಕಾನೂನಿನ್ಯಾಗ ಬಿಯರ್ ಮಾರೋ ಹೆಂಗಸರ ಮ್ಯಾಲೆ ಬ್ಯಾರೆ ಕಲಮುಗಳೇ ಅದಾವ. ಇಂಗ್ಲಂಡಿನಾಗ 1300ರ ಸುಮಾರಿಗೆ ಹಳ್ಳಿ ಹಳ್ಳಿಯೊಳಗ ಏಲ್ ಮಾಡೋರು ಭಾಳ ಮಾಡಿ ಹೆಂಗಸರೇ. ಏಲ್ ಅಂದ್ರ ಹಾಪ್ಸ್ ಹಾಕದ ಹಳೇ ತರದ ಬಿಯರ್. ಅದು ನಾಲ್ಕು ದಿನ ಇಟ್ರ ಹುಳಿ. ಹಂಗಾಗಿ ಒಂದು ಹಂಡೆ ಮಾಡಿದಾಕಿ ತನ್ನ ಮನಿಗೆ ಬೇಕಾದಷ್ಟು ಇಟ್ಕೊಂಡು, ಉಳಿದದ್ದನ್ನ ನೆರೆಮನಿಯವರಿಗೆ ಮಾರತಿದ್ಲು. ಬಾಗಿಲ ಮ್ಯಾಲೆ ಒಂದು ಕೋಲು, ಅದರ ತುದಿಗೆ ಒಂದು ಟೊಂಗಿ ಕಟ್ಟಿದ್ರ, ಇವತ್ತು ಈ ಮನ್ಯಾಗ ಏಲ್ ಅದ ಅಂತ ಅರ್ಥ. ಮುಂದಿನ ವಾರ ಪಕ್ಕದಾಕಿ ಪಾಳಿ. ನಾವು ಹೆಪ್ಪು ಇಸ್ಕೊಂಡು ಬರ್ತೀವಲ್ಲ, ಅಷ್ಟ ಸಲೀಸು. ರುಚಿ ನೋಡಿ ದರ ಸರಿ ಅದನೋ ಇಲ್ಲೋ ಅಂತ ಹೇಳಾಕ ಊರ ಕಡಿಂದ ಒಬ್ಬ ಅಧಿಕಾರಿ ಬರತಿದ್ದ. ಆ ಕೆಲಸ ಮಾತ್ರ ಗಂಡಸಿಗೆ! ಮಾಡಾಕ ನಾವು, ರುಚಿ ನೋಡಿ ದಂಡ ಹಾಕಾಕ ಅವರು. ಆ ದಂಡದ ಕಡತಗಳು ಉಳದದ್ದಕ್ಕನ ಇವತ್ತು ನಮಗ ಆ ಹೆಣ್ಣಮಕ್ಕಳ ಹೆಸರು ಗೊತ್ತಾಗ್ಯಾವ. ಜೂಡಿತ್ ಬೆನೆಟ್ ಅನ್ನೋ ಇತಿಹಾಸಕಾರ್ತಿ ಅವನ್ನೆಲ್ಲಾ ಕೆದಕಿ 1996ರಾಗ ಒಂದು ಪುಸ್ತಕನ ಬರದಾರ.

ಹಂಗಾರ ಆ ಕೆಲಸ ನಮ್ಮ ಕೈಯಿಂದ ಹೋಗಿದ್ದು ಹೆಂಗ? ಯಾರೋ ಕುತಂತ್ರ ಮಾಡಿ ಕಸಗೊಂಡ್ರು ಅಂತಲ್ಲ. ಒಂದು ಬಳ್ಳಿಯ ಹೂವು ಬಂತು, ಹಾಪ್ಸ್. ಕಹಿ ಹೂವು ಅದು. ಅದನ್ನ ಹಾಕಿ ಕುದಿಸಿದ್ರ ಬಿಯರ್ ಲಗೂ ಕೆಡೋದಿಲ್ಲ, ಉಪ್ಪಿನಕಾಯಿಗೆ ಉಪ್ಪು ಇದ್ಹಂಗ. ಜರ್ಮನಿಯ ಬಿಂಗೆನ್ ಊರಿನ ಹಿಲ್ಡೆಗಾರ್ಡ್ ಅನ್ನೋ ಸನ್ಯಾಸಿನಿ 12ನೇ ಶತಮಾನದಾಗ ಈ ಹೂವಿನ ಬಗ್ಗೆ ಬರದಾಳ. ಪಾನೀಯಗಳನ್ನ ಕೆಡದ್ಹಂಗ ಕಾಯ್ತದ, ಆದ್ರ ಮನಸ್ಸಿಗೆ ಬ್ಯಾಸರ ತರ್ತದ ಅಂತ. (ಎರಡನೇದ್ದು ನನ್ನ ಮೈದುನನ ಮುಖ ನೋಡಿದ್ರ ಖರೆ ಅನಸ್ತದ.) 15ನೇ ಶತಮಾನದಾಗ ಹಾಪ್ಸ್ ಹಾಕಿದ ಬಿಯರ್ ಮಾಡೋದು ಡಚ್ಚರ ಕಡಿಂದ ಇಂಗ್ಲಂಡಿಗೆ ಹಬ್ಬತು. ತಿಂಗಳಗಟ್ಟಲೆ ಇಡಬಹುದು ಅಂದ ಮ್ಯಾಲೆ ದೂರ ಕಳಸಬಹುದು, ಹಡಗಿನ್ಯಾಗ ಹಾಕಬಹುದು, ಸೈನ್ಯಕ್ಕ ಮಾರಬಹುದು. ಅದಕ್ಕ ದೊಡ್ಡ ಹಂಡೆ ಬೇಕು, ಪೀಪಾಯಿ ಬೇಕು, ಸಾಲ ಬೇಕು. ಸಾಲ ಯಾರಿಗೆ ಸಿಗತಿತ್ತು? ಕರಾರು ಪತ್ರಕ್ಕ ಸಹಿ ಯಾರದು ನಡೀತಿತ್ತು? ವಿಧವಿಗೆ ಗಂಡನ ಕಾರಖಾನಿ ಬಂದ್ರ ನಡಸತಿದ್ಲು, ಉಳಿದವರು ಮೆಲ್ಲಕ ಬಾಗಿಲ ಮ್ಯಾಲಿನ ಟೊಂಗಿ ಇಳಿಸಿದ್ರು.

ಆದ್ರ ಮನಿ ಖರ್ಚಿನ ಸಣ್ಣ ಬಿಯರ್ ಮಾತ್ರ ಮುಂದ ಎಷ್ಟೋ ವರ್ಷ ಅಡಗಿಮನ್ಯಾಗನ ಉಳೀತು. ಕಾದಂಬರಿ ಬರದ ಜೇನ್ ಆಸ್ಟಿನ್ 1808ರಾಗ ಅಕ್ಕಗ ಬರದ ಪತ್ರದೊಳಗ, ನಾವು ಮತ್ತ ಸ್ಪ್ರೂಸ್ ಬಿಯರ್ ಮಾಡಾಕತ್ತೀವಿ ಅಂತ ಸುದ್ದಿ ಹೇಳತಾಳ. ಸ್ಪ್ರೂಸ್ ಅನ್ನೋದು ಮೊನಚು ಎಲಿಯ ಗಿಡ, ಅದರ ಚಿಗುರು ಹಾಕಿ ಮಾಡೋದು. ಅಮೆರಿಕಾದ ಜಾರ್ಜ್ ವಾಷಿಂಗ್ಟನ್ ಇನ್ನೂ ಸೈನ್ಯದಾಗಿದ್ದಾಗ, 1757ರಾಗ, ತನ್ನ ನೋಟ್‌ಬುಕ್ಕಿನ್ಯಾಗ ಸಣ್ಣ ಬಿಯರಿನ ರೆಸಿಪಿ ಬರದಿಟ್ಟಾನ. ಗೋಧಿ ಹೊಟ್ಟಿನಂಥ ಹೊಟ್ಟು, ಹಾಪ್ಸ್, ಕಾಕಂಬಿ. ಹೊಟ್ಟು ಮೂರು ತಾಸು ಕುದಿಸಿ ಸೋಸಿ, ಕಾಕಂಬಿ ಬೆರೆಸಿ, ಮೈ ಬಿಸಿಯಷ್ಟು ಆರಿದ ಮ್ಯಾಲೆ ಯೀಸ್ಟ್ ಹಾಕು. ಚಳಿ ಭಾಳ ಇದ್ರ ಮ್ಯಾಲೆ ಕಂಬಳಿ ಹೊಚ್ಚು! ಓದಿ ನಕ್ಕುಬಿಟ್ಟೆ. ಡಿಸೆಂಬರದಾಗ ಇಡ್ಲಿ ಹಿಟ್ಟಿಗೆ ನಾನು ಮಾಡೋದೂ ಅದ. ಅವರ ತ್ವಾಟದ ಮನಿ ಕೆಲಸ ಗುಲಾಮರ ಕೈಯಿಂದ ನಡೀತಿತ್ತು ಅನ್ನೋದನ್ನೂ ಇಲ್ಲೆ ಹೇಳಿಬಿಡಬೇಕು, ನೋಟ್‌ಬುಕ್ಕಿನ್ಯಾಗ ಆ ಹೆಸರು ಬರೋದಿಲ್ಲ.

ಇದು ಇಂಗ್ಲಂಡಿನ ದಾರಿ. ಬ್ಯಾಸಗಿ ಬಿಯರಿಗೆ ತೆಳು ಮಾಡು, ಲಗೂ ಕುಡದು ಮುಗಿಸು. ನಾನು ಕೂತಿದ್ದ ಮ್ಯೂನಿಕ್ ಕಡೆ ಬವೇರಿಯಾದವರದು ಪೂರಾ ಉಲ್ಟಾ ದಾರಿ. ಅಲ್ಲಿ ಬ್ಯಾಸಗಿಯೊಳಗ ಬಿಯರ್ ಮಾಡಿದ್ರ ಕೆಡತಿತ್ತು. ಬಿಸಲಿಗೆ ನಮ್ಮ ದ್ವಾಸಿ ಹಿಟ್ಟು ಹೆಂಗ ರಾತ್ರಿ ಕಳೆಯೋದ್ರಾಗ ಪಾತ್ರಿ ದಾಟಿ ಹುಳಿ ನಾರ್ತದ, ಹಂಗ. ಯಾಕಂತ ಆಗ ಯಾರಿಗೂ ತಿಳೀತಿರಲಿಲ್ಲ, ಜೀವಾಣು ಅನ್ನೋದ ಕಂಡಿರಲಿಲ್ಲ. 1553ರಾಗ ಅಲ್ಲಿನ ದೊರಿ ಒಂದು ಹುಕುಂ ಹೊರಡಿಸಿದ: ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರ ತನಕ ಬಿಯರ್ ಕುದಿಸಂಗಿಲ್ಲ. ಹಂಗಾರ ಬ್ಯಾಸಗಿಗೆ ಕುಡಿಯೋದು ಏನು? ನಾವು ಹಪ್ಪಳ ಸಂಡಗಿ ಮಳಿಗಾಲಕ್ಕ ಮಾಡಿಡತೀವಲ್ಲ, ಅವರು ಮಾರ್ಚಿನ್ಯಾಗ ಬಿಯರ್ ಮಾಡಿ ತುಂಬಿಡತಿದ್ರು. ಅದಕ್ಕ ಹೆಸರೇ ಮೇರ್ಟ್ಸೆನ್, ಅಂದ್ರ ಮಾರ್ಚಿನದು. ತಿಂಗಳಗಟ್ಟಲೆ ಇರಬೇಕಂತ ಇದನ್ನ ಸ್ವಲ್ಪ ಜೋರ ಮಾಡತಿದ್ರು. ಅಂದ್ರ ಅವರ ಬ್ಯಾಸಗಿ ಬಿಯರ್ ಹಗೂರ ಅಲ್ಲ, ಭಾರಿ! ಬ್ಯಾಸಗಿಯೊಳಗ ಕುಡಿಯೋದು ಅಂದ ಮಾತ್ರಕ್ಕ ಹಗೂರ ಇರ್ತದ ಅಂತ ನಂಬಬಾರದು ಅನ್ನೋದು ನನಗ ತಿಳದದ್ದು ಇಲ್ಲೆ.

ಇಡೋದಕ್ಕ ತಂಪು ಜಾಗ ಬೇಕು. ನೆಲದಾಗ ಹಗೇವು ತೋಡಿದ್ಹಂಗ ದೊಡ್ಡ ನೆಲಮಾಳಿಗಿ ತೋಡಿದ್ರು. ಚಳಿಗಾಲದಾಗ ಕೆರಿ ಮ್ಯಾಲಿನ ಬರ್ಫ್ ಕೊರದು ತಂದು ಅದರಾಗ ತುಂಬತಿದ್ರು. ಮ್ಯಾಲೆ ಬಿಸಲು ಬೀಳಬಾರದು ಅಂತ ಉರುಟು ಕಲ್ಲು ಹಾಸಿ ಅಗಲ ಎಲಿಯ ಚೆಸ್ಟ್‌ನಟ್ ಗಿಡ ಹಚ್ಚಿದ್ರು. ಅದರ ಬೇರು ಆಳಕ್ಕ ಇಳಿಯೋದಿಲ್ಲ, ಕೆಳಗಿನ ಕಮಾನು ಒಡೆಯೋದಿಲ್ಲ. ನಾವು ಕೂತು ಎಣಗಾಯಿ ತಿಂದದ್ದು ಇಂಥ ಗಿಡದ ಕೆಳಗ. ಆ ನೆರಳು ನಮಗಂತ ಮಾಡಿದ್ದಲ್ಲ, ಬಿಯರಿಗಂತ ಮಾಡಿದ್ದು!

ಜನ ಏನು ಬಿಡತಾರೇನು? ಕೆಳಗ ತಂಪು ಬಿಯರ್, ಮ್ಯಾಲೆ ತಂಪು ನೆರಳು. ಬ್ಯಾಸಗಿಯೊಳಗ ಎಲ್ಲಾರೂ ಅಲ್ಲೇ ಬಂದು ಕುಡಿಯಾಕ ಶುರು ಮಾಡಿದ್ರು. ಊರೊಳಗಿನ ಖಾನಾವಳಿಯವರು, ನಮ್ಮ ವ್ಯಾಪಾರ ಹಾಳಾತು ಅಂತ ರಾಜನ ಹತ್ರ ಹೋದ್ರು. ರಾಜ ಮ್ಯಾಕ್ಸಿಮಿಲಿಯನ್ 1812ರ ಜನೆವರಿ 4ಕ್ಕ ಒಂದು ಜಾಣ ತೀರ್ಪು ಕೊಟ್ಟ. ಬಿಯರ್ ಮಾಡೋರು ಜೂನಿನಿಂದ ಸೆಪ್ಟೆಂಬರ್ ತನಕ ತಮ್ಮ ಮಾಳಿಗಿ ಹತ್ರನ ಬಿಯರ್ ಮಾರಬಹುದು, ಜೋಡಿ ಬ್ರೆಡ್ ಕೊಡಬಹುದು. ಬ್ಯಾರೆ ಊಟ ತಿಂಡಿ ಏನೂ ಕೊಡಂಗಿಲ್ಲ. ಅದು ಖಾನಾವಳಿಯವರ ಪಾಲು. ಜನಾ ಏನು ಮಾಡಿದ್ರು ಅಂತ ನಿಮಗ ಹೇಳಬೇಕಾಗಿಲ್ಲ. ಬುತ್ತಿ ಕಟ್ಟಿದ್ರು! ಆಮ್ಯಾಲೆ ಆ ನಿಯಮ ಸಡಿಲಾತು, ಈಗ ಅಲ್ಲೇ ಊಟನೂ ಸಿಗತದ, ಆದ್ರ ಬುತ್ತಿ ಪದ್ಧತಿ ಉಳೀತು. 1999ರ ಬವೇರಿಯಾ ಸರಕಾರದ ನಿಯಮದೊಳಗ ಬಿಯರ್ ಗಾರ್ಡನ್ ಅಂದ್ರ ಗಿಡದ ನೆರಳಿರೋ, ಬುತ್ತಿ ತಂದು ಉಣ್ಣಾಕ ಬಿಡೋ ಜಾಗ ಅಂತನ ಅದ. ಇನ್ನೂರು ವರ್ಷದ ಹಿಂದ ಯಾರೋ ಖಾನಾವಳಿಯವರು ಹೊಟ್ಟಿಕಿಚ್ಚು ಪಟ್ಟದ್ದಕ್ಕ ನಮ್ಮ ಶೇಂಗಾ ಚಟ್ನಿ ಅಲ್ಲಿತನಕ ಹೋತು.

ಬಣ್ಣದ ಕತಿ ಬ್ಯಾರೆ ಅದ, ಅದು ಜರ್ಮನಿದಲ್ಲ, ಪಕ್ಕದ ಬೊಹೀಮಿಯಾದ್ದು, ಈಗಿನ ಚೆಕ್ ದೇಶ. ಅಲ್ಲಿ ಪಿಲ್ಸೆನ್ ಅಂತ ಊರು. 1838ರಾಗ ಆ ಊರಿನವರು ಕೆಟ್ಟ ಬಿಯರಿಗೆ ಬ್ಯಾಸತ್ತು 36 ಪೀಪಾಯಿ ಬಿಯರ್ ಪುರಸಭಾ ಮುಂದ ನೆಲಕ್ಕ ಸುರುವಿದ್ರು. ಆಮ್ಯಾಲೆ ಊರವರೇ ಕೂಡಿ ಹೊಸ ಕಾರಖಾನಿ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಅನ್ನೋನ್ನ ಕರಸಿದ್ರು. ಅವ 1842ರ ಅಕ್ಟೋಬರ್ 5ಕ್ಕ ಮೊದಲನೇ ಹಂಡೆ ಕುದಿಸಿದ. ಬಾರ್ಲಿ ಮೊಳಕಿನ್ನ ಹೊಗಿ ಹಿಡೀದ್ಹಂಗ, ಕೆಂಪಾಗದ್ಹಂಗ ಬಿಸಿಗಾಳಿಯಾಗ ಒಣಗಿಸಿದ್ರು. ಆ ಊರಿನ ನೀರೂ ಮೆತ್ತಗ, ಉಪ್ಪಿನಂಶ ಇಲ್ಲದ್ದು. ಆ ಸೀಮಿ ಹಾಪ್ಸ್‌ದು ಪರಿಮಳ. ತಂಪು ಮಾಳಿಗಿಯೊಳಗ ವಾರಗಟ್ಟಲೆ ಹದಕ್ಕ ಬರೋ ಯೀಸ್ಟು. ನವೆಂಬರ್ 11ಕ್ಕ ಗ್ಲಾಸಿಗೆ ಸುರುವಿದ್ರ ಬಂಗಾರದ ಬಣ್ಣ! ಅಲ್ಲಿತನಕ ಆ ಕಡೆ ಜನಾ ಕಂಡದ್ದು ಕಂದು, ಮಬ್ಬು ಬಿಯರ್. ಮಣ್ಣಿನ ಮಗ್ಗಿನ್ಯಾಗ, ತವರದ ಮಗ್ಗಿನ್ಯಾಗ ಬಣ್ಣ ಯಾರು ನೋಡತಿದ್ರು? ಗಾಜಿನ ಗ್ಲಾಸ್ ಸಾದಾ ಮಂದಿ ಕೈಗೆ ಬರ್ತಿದ್ದ ಕಾಲದಾಗ ಇದು ಬಂತು. ಇವತ್ತು ಜಗತ್ತಿನ್ಯಾಗ ಎಲ್ಲೆ ಹೋದ್ರೂ ಬಿಯರ್ ಅಂದ್ರ ಕಣ್ಣ ಮುಂದ ಬರೋ ಹಳದಿ ಗ್ಲಾಸು ಪಿಲ್ಸೆನ್ನಿನ ಮರಿಮಕ್ಕಳದು. ಆ ಗ್ರೋಲ್ ಭಾಳ ಒರಟಂತ. ಮೂರು ವರ್ಷಕ್ಕ ಊರವರು ಅವನ ಕರಾರು ಮುಗಿಸಿ ವಾಪಸ್ ಕಳಸಿದ್ರು. ಕೈಗುಣ ಇದ್ದವರ ಬಾಯಿ ಯಾವಾಗಲೂ ಹಿಂಗೇನೋ.

ಆಮ್ಯಾಲಿಂದು ಲಗೂ ಹೇಳಿಬಿಡತೀನಿ. 1870ರ ದಶಕದಾಗ ಕಾರ್ಲ್ ಲಿಂಡೆ ಅನ್ನೋ ಇಂಜಿನಿಯರ್ ಮ್ಯೂನಿಕ್ಕಿನ ಬಿಯರ್ ಕಾರಖಾನಿಯೊಳಗ ತಂಪು ಮಾಡೋ ಮಷೀನ್ ಹಚ್ಚಿದ. ನಮ್ಮ ಅಡಗಿಮನಿ ಫ್ರಿಜ್ಜಿಗೆ ಅದು ಅಜ್ಜಿ ಇದ್ಹಂಗ. ಹಾಲಿಗಲ್ಲ, ಬಿಯರಿಗೆ ಹುಟ್ಟಿದ ಅಜ್ಜಿ! 1883ರಾಗ ಡೆನ್ಮಾರ್ಕಿನ ಎಮಿಲ್ ಹಾನ್ಸೆನ್ ಒಂದೇ ಕಣದಿಂದ ಶುದ್ಧ ಯೀಸ್ಟ್ ಬೆಳಸಿದ. ಅಲ್ಲಿಗೆ ಬ್ಯಾಸಗಿ-ಚಳಿಗಾಲ ಭೇದನ ಮುಗೀತು. ಹನ್ನೆರಡು ತಿಂಗಳೂ ತಿಳಿ, ತಂಪು, ಹಳದಿ ಬಿಯರ್. ತೆಳು ಮಾಡಿ ಲಗೂ ಕುಡದು ಮುಗಿಸೋ ಗರಜೂ ಉಳೀಲಿಲ್ಲ. ಮನ್ಯಾಗ ಮಾಡೋ ಸಣ್ಣ ಬಿಯರ್ ಚಹಾದ ಮುಂದ ಆಗಲೇ ಸೋತಿತ್ತು, ಈಗ ಪೂರಾ ಕಣ್ಮರಿ ಆತು. ನೋಡ್ರಿ ಹೆಂಗ ಆತು: ಮೊದಲು ಹಗೂರ ಅಂದ್ರ ಅಮಲು ಕಡಿಮಿ ಅಂತ. ಈಗ ಹಗೂರ ಅಂದ್ರ ಬಣ್ಣ ತಿಳಿ, ಮುಟ್ಟಿದ್ರ ತಂಪು ಅಂತ.

ಅಮೆರಿಕಾದವರು ಇದಕ್ಕ ಇನ್ನೊಂದು ಅರ್ಥ ಸೇರಿಸಿದ್ರು. 1967ರಾಗ ಜೋಸೆಫ್ ಓವಡ್ಸ್ ಅನ್ನೋ ವಿಜ್ಞಾನಿ ಕ್ಯಾಲರಿ ಕಡಿಮಿ ಇರೋ ಬಿಯರ್ ಮಾಡಿದ. ಡಯಟ್ ಬಿಯರ್ ಅಂತ ಹೆಸರಿಟ್ಟು ಮಾರಿದ್ರು, ಯಾರೂ ಕೊಳ್ಳಲಿಲ್ಲ. ಅದೇ ತರದ್ದು 1975ರಾಗ ಮಿಲ್ಲರ್ ಲೈಟ್ ಅಂತ ಬಂದು, ಪೈಲವಾನರಂಥ ಆಟಗಾರರು ಜಾಹೀರಾತಿನ್ಯಾಗ ಕುಡದು ತೋರಿಸಿದ ಮ್ಯಾಲೆ ದೇಶದ ತುಂಬಾ ಹರೀತು. ಅಲ್ಲಿ ಲೈಟ್ ಅಂದ್ರ ಹೊಟ್ಟಿ ಬರೋದಿಲ್ಲ ಅಂತ. ಅಮಲು ನೂರಕ್ಕ 4.2, ಸಾದಾದಕ್ಕಿಂತ ಒಂದೀಟ ಕಡಿಮಿ ಅಷ್ಟ.

ನಮ್ಮ ದೇಶಕ್ಕ ಇದು ಬಂದದ್ದು ಬ್ರಿಟಿಷ್ ದಂಡಿನ ಜೋಡಿ. ಮೊದಲು ಹಡಗಿನ್ಯಾಗ ಪೀಪಾಯಿ ಬರತಿದ್ವು. ಸಾಹೇಬರ ಮನ್ಯಾಗ ನೀರು, ಬಾಟ್ಲಿ ತಂಪು ಮಾಡಾಕನ ಆಬ್ದಾರ್ ಅಂತ ಒಬ್ಬ ಆಳು, ಅವ ಪೆಟ್ಲುಪ್ಪು ಕರಗಿಸಿದ ನೀರಾಗ ಬಾಟ್ಲಿ ತಿರುವಕೋತ ಕೂಡಬೇಕು. 1833ರಾಗ ಅಮೆರಿಕಾದ ಬಾಸ್ಟನ್ನಿನಿಂದ ಕೆರಿಯ ಬರ್ಫ್ ಹಡಗಿನ್ಯಾಗ ಕಲಕತ್ತಾಕ್ಕ ಬಂತು. ಮದ್ರಾಸಿನ ಸಮುದ್ರದ ದಂಡಿಮ್ಯಾಲೆ ಇವತ್ತೂ ಇರೋ ಐಸ್ ಹೌಸ್ ಕಟ್ಟಿದ್ದು ಅದನ್ನ ಇಡಾಕ. ವಿವೇಕಾನಂದರು ಇಳಕೊಂಡಿದ್ದ ಮನಿ, ನಮ್ಮ ಯಾತ್ರಾ ಗುಂಪು ನೋಡಿ ಬಂದದಲ್ಲ, ಅದ. ಮುಂದ ದಂಡು ಇದ್ದಲ್ಲೆ, ತಂಪು ಹವಾ ಇದ್ದಲ್ಲೆ ಕಾರಖಾನಿ ಎದ್ವು. ನೀಲಗಿರಿ, ಬೆಂಗಳೂರು ಕಡೆಯ ಅಂಥ ಐದು ಸಣ್ಣ ಕಾರಖಾನಿ ಕೂಡಿಸಿ 1915ರಾಗ ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್‌ಲಂಡಿನಾವ ಯುನೈಟೆಡ್ ಬ್ರೂವರೀಸ್ ಮಾಡಿದ. ಸ್ವಾತಂತ್ರ್ಯ ಬಂದ ವರ್ಷದಾಗ ಅದು ವಿಠಲ್ ಮಲ್ಯರ ಕೈಗೆ ಬಂತು. ಅಲ್ಲಿಂದ ಮುಂದಿನ ಕತಿ ನಿಮಗ ಪೇಪರಿನ್ಯಾಗ ಓದಿ ಗೊತ್ತದ.

ಈಗ ನನ್ನ ಮೈದುನನ ಬಾಟ್ಲಿಗೆ ಬರೋಣ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ನೂರಕ್ಕ 5ರ ತನಕ ಅಮಲು ಇದ್ರ ಅದು ಮೈಲ್ಡ್, 5ರಿಂದ 8ರ ತನಕ ಸ್ಟ್ರಾಂಗ್. ಬಣ್ಣ ಎರಡರದೂ ಹಳದಿ, ಫ್ರಿಜ್ಜಿನಿಂದ ತಗದ್ರ ಎರಡೂ ಅಷ್ಟ ತಂಪು. ನಮ್ಮ ದೇಶದಾಗ ಮಾರಾಟ ಆಗೋದರಾಗ ಹೆಚ್ಚಿನ ಪಾಲು ಸ್ಟ್ರಾಂಗ್. ಪೆನ್ನು ಹಿಡದು ಲೆಕ್ಕ ಹಾಕಿದೆ. ದೊಡ್ಡ ಬಾಟ್ಲಿ 650 ಮಿಲಿ, ನೂರಕ್ಕ 8 ಅಂದ್ರ ಅದರಾಗ 52 ಮಿಲಿ ನಿಖ್ಖಳ ಅಮಲು. ನಮ್ಮಲ್ಲಿ ವಿಸ್ಕಿ ನೂರಕ್ಕ 42.8 ಇರ್ತದ, 30 ಮಿಲಿಯ ಒಂದು ಸಣ್ಣ ಪೆಗ್ಗಿನ್ಯಾಗ ಸುಮಾರು 13 ಮಿಲಿ. ಅಂದ್ರ ನಮ್ಮತ್ತಿಯವರ ಬಾರ್ಲಿ ನೀರಿನ ಒಂದು ಬಾಟ್ಲಿ ನಾಲ್ಕು ಪೆಗ್ ವಿಸ್ಕಿಗೆ ಸಮ. ದಿನಾ ಸಂಜೀಕ ನಾಲ್ಕು ಪೆಗ್ ಅಂದಿದ್ರ ಮನ್ಯಾಗ ಏನು ರಂಪ ಆಗತಿತ್ತು ಊಹಾ ಮಾಡ್ರಿ. 2007ರಾಗ ಸಾರಾಯಿ ಬಂದ್ ಆದಾಗ ನಾವೆಲ್ಲಾ ಚಪ್ಪಾಳಿ ಹೊಡದವರು. ಊರೂರಿನ ಹೆಣ್ಣಮಕ್ಕಳು ಎಷ್ಟೋ ವರ್ಷ ಅದಕ್ಕಂತ ಬಡದಾಡಿದ್ರು. ಅದೇ ನಾವು, ನಮ್ಮ ಫ್ರಿಜ್ಜಿನ್ಯಾಗ ಇದ್ದದ್ದನ್ನ ತಿರುಗಿ ನೋಡಲಿಲ್ಲ.

ತಂಪು ಅನ್ನೋದೂ ಹಂಗ. ಬಾಯಿಗೆ ತಂಪು ಖರೆ. ಅಮಲು ಹೊಟ್ಟಿಗೆ ಹೋದ್ರ ಮೂತ್ರ ಜಾಸ್ತಿ ಆಗಿ ಮೈಯಿಂದ ನೀರು ಹೊರಗ ಹೋಗತದ. ಜೋರ ಇದ್ದಷ್ಟು ಜಾಸ್ತಿ. ಬಿಸಲಾಗ ಬೆವತು ಬಂದಾವ ಅದನ್ನ ಕುಡದ್ರ ನೀರಡಿಕಿ ಹೋಗೋದಿಲ್ಲ, ಬೆಳಿಗ್ಗೆ ತಲಿ ಸಿಡೀತದ. ಹೊಲದ ಆಳುಗಳಿಗೆ ಸಣ್ಣ ಬಿಯರ್ ಯಾಕ ನಡೀತಿತ್ತು ಅಂದ್ರ ಅದರಾಗ ನೀರು ಭಾಳ, ಅಮಲು ಕಡಿಮಿ. ನೀರಡಿಕಿಗೆ ನಮ್ಮ ಮಜ್ಜಿಗಿ, ಜೋಳದ ಅಂಬಲಿಗೆ ಸಮ ಯಾವುದೂ ಇಲ್ಲ, ಇದು ನನ್ನ ಖುದ್ದ ಅಭಿಪ್ರಾಯ.

ಆದ್ರ ಕುಡಿಯೋರು ಕುಡೀತಾರ. ನಮ್ಮ ಮಕ್ಕಳು ಸೊಸೆಂದ್ರು ಪರದೇಶದಾಗ, ಬೆಂಗಳೂರಾಗ ಇದ್ದಾರ. ವಯಸ್ಸು ತುಂಬಿದವರು, ಬಸರಿ ಅಲ್ಲದವರು, ಗುಳಿಗಿ ನುಂಗದವರು, ಗಾಡಿ ಹೊಡೀದವರು ಬ್ಯಾಸಗಿಗೆ ಹಗೂರದ್ದು ಯಾವುದು ಅಂತ ಕೇಳಿದ್ರ ನಾನು ಈಗ ಹೇಳಬಲ್ಲೆ. ಬಣ್ಣ ನೋಡಬ್ಯಾಡ್ರಿ. ಐರ್ಲಂಡಿನ ಗಿನ್ನೆಸ್ ಡಾಂಬರ್ ಇದ್ಹಂಗ ಕರ್ರಗ, ಅಮಲು 4.2. ಪಿಲ್ಸೆನ್ನಿನ ಮೂಲ ಬಂಗಾರದ ಬಿಯರ್ 4.4. ಕಪ್ಪಂದ ಕಡಿಮಿ! ಬರ್ಲಿನ್ ಕಡೆ ವೈಸ್ಸೆ ಅಂತ ಹುಳಿ ಬಿಯರ್ ಅದ, ಗೋಧಿದು, 3ರ ಆಸುಪಾಸು, ಅದಕ್ಕ ರಾಸ್ಪ್‌ಬೆರಿ ಶರಬತ್ತು ಬೆರೆಸಿ ಕುಡೀತಾರ. ಬವೇರಿಯಾದ ಗೋಧಿ ಬಿಯರ್ ನೊರಿ ನೋಡಿ ಹಗೂರ ಅನಸ್ತದ, ಇರೋದು 5ರ ಮ್ಯಾಲೆ.

ಎಲ್ಲಾಕಿಂತ ಹಗೂರದ್ದು ನನ್ನ ಸೊಸಿ ಕೈಯಾಗಿತ್ತು. ಅದಕ್ಕ ರಾಡ್ಲರ್ ಅಂತಾರ, ಅಂದ್ರ ಸೈಕಲ್ ಹೊಡಿಯಾವ. 1922ರಾಗ ಮ್ಯೂನಿಕ್ ಹೊರಗಿನ ಒಂದು ಖಾನಾವಳಿಗೆ ಸೈಕಲ್ ಸವಾರರ ದಂಡ ಬಂತಂತ, ಬಿಯರ್ ಸಾಲಲಿಲ್ಲಂತ, ಕೂಗ್ಲರ್ ಅನ್ನೋ ಮಾಲಕ ಲಿಂಬಿ ಸೋಡಾ ಸೇರಿಸಿ ಸುರುವಿದನಂತ. ಕತಿ ಛಲೋ ಅದ, ಆದ್ರ ಖರೆ ಅಲ್ಲ. ಲೇನಾ ಕ್ರಿಸ್ಟ್ ಅನ್ನೋ ಹೆಣ್ಣಮಗಳು, ಅದೇ ಮ್ಯೂನಿಕ್ಕಿನ ಖಾನಾವಳಿಯೊಳಗ ದುಡದು ಬೆಳದಾಕಿ, 1912ರಾಗ ಅಚ್ಚಾದ ತನ್ನ ಬದುಕಿನ ಕತಿಯೊಳಗ ಈ ಹೆಸರು ಆಗಲೇ ಬರದಾಳ. ಬಿಯರ್ ಹಂಚಿದಾಕಿಗೆ ಗೊತ್ತಿರೋದಿಲ್ಲೇನು? ಅರ್ಧಾ ಸೋಡಾ ಅಂದ ಮ್ಯಾಲೆ ಅಮಲು ಎರಡೂವರಿ. ಅರ್ಧ ಲೀಟರ್ ಗ್ಲಾಸಿನ್ಯಾಗ ಹನ್ನೆರಡೂವರಿ ಮಿಲಿ. ಮೈದುನನ ಒಂದು ಬಾಟ್ಲಿಯಷ್ಟು ಆಗಬೇಕಾದ್ರ ಆ ಹುಡುಗಿ ಅಂಥ ನಾಲ್ಕು ಗ್ಲಾಸ್ ಕುಡದು ಇನ್ನೂ ಒಂದು ಗುಟುಕು ಕುಡೀಬೇಕು. ಆಕಿ ಕುಡದದ್ದು ಅರ್ಧ. ಉಳದದ್ದು ಮಗ ಮುಗಿಸಿದ.

ಇಷ್ಟೆಲ್ಲಾ ಲೆಕ್ಕಾ ಮಾಡಿ ನಾನು ಸೊಸಿಗೆ ಫೋನ್ ಹಚ್ಚಿದೆ. ತಾಟು ಸರಿಸಿದ್ದು ತಪ್ಪಾತು ಅಂದೆ. "ಯಾವ ತಾಟು ಅತ್ತಿ?" ಅಂದ್ಲು. ಆಕಿಗೆ ನೆನಪಿಲ್ಲೋ, ನನ್ನ ಮರ್ಯಾದಿ ಕಾದಳೋ, ತಿಳೀಲಿಲ್ಲ.

ಆಮ್ಯಾಲೆ ನೆಗೆಣ್ಣಿಗೆ, ಅಂದ್ರ ಮೈದುನನ ಹೆಂಡತಿಗೆ, ಎಲ್ಲಾ ಹೇಳಿದೆ. ನಾಲ್ಕು ಪೆಗ್ಗಿನ ಲೆಕ್ಕಕ್ಕ ಆಕಿ ಸುಮ್ಮನಾದ್ಲು. ಸ್ವಲ್ಪ ಹೊತ್ತಿಗೆ ಫ್ರಿಜ್ಜಿನ ಬಾಗಿಲ ಸಪ್ಪಳ ಕೇಳಿಸ್ತು. "ಅಕ್ಕಾ, ಎಲ್ಲೆ ಬರದಿರ್ತದ ಅದು?" ಅಂದ್ಲು. ಚೀಟಿಯ ಕೆಳಗ, ಸಣ್ಣ ಅಕ್ಷರದಾಗ, ಚಷ್ಮಾ ಹಾಕ್ಕೊಂಡು ನೋಡು ಅಂದೆ.